ಮಸ್ಕಿಯಲ್ಲಿ ಸಿಕ್ಕ 224377

ಡ್ರಾ ಆದ ಮರುದಿನ ಮಸ್ಕಿ ಬಸ್ ನಿಲ್ದಾಣದ ನೆಲ ಬಣ್ಣಬಣ್ಣದ ಕಾಗದದಿಂದ ತುಂಬಿರುತ್ತಿತ್ತು. ಎಲ್ಲವೂ ಬಹುಮಾನ ಬರದ ಲಾಟರಿ ಟಿಕೆಟುಗಳು. ಕೆಲವರು ಹರಿದು ಎಸೆಯುತ್ತಿದ್ದರು, ಕೆಲವರು ಮುದುರಿ. ಇನ್ನು ಕೆಲವರು ನಾಲ್ಕು ಮಡಿಕೆ ಮಾಡಿ ಕಲ್ಲುಬೆಂಚಿನ ಸಂದಿಗೆ ತುರುಕಿ ಬಸ್ ಹತ್ತುತ್ತಿದ್ದರು.

ತೊಂಬತ್ತರ ದಶಕ ಆಗತಾನೆ ಶುರುವಾಗಿತ್ತು. ರಾಯಚೂರಿನಲ್ಲಿ ಅಚ್ಚಾಗುವ ಒಂದು ದಿನಪತ್ರಿಕೆಗೆ ನಾನು ಸಿಂಧನೂರಿನ ವರದಿಗಾರ. ಮಸ್ಕಿ, ಲಿಂಗಸುಗೂರು ಕೂಡ ನನ್ನ ಪಾಲಿಗೇ ಇದ್ದವು. ಸುದ್ದಿ ಬರೆದು ಲಕೋಟೆಗೆ ಹಾಕಿ ರಾಯಚೂರು ಬಸ್ಸಿನ ಕಂಡಕ್ಟರ್ ಕೈಗೆ ಕೊಟ್ಟರೆ ಆ ದಿನದ ಕೆಲಸ ಮುಗಿದಂತೆ. ಗೊಬ್ಬರದ ಅಂಗಡಿಯ ಮಾಳಿಗೆಯ ಮೇಲೆ ನನ್ನ ಬಾಡಿಗೆ ಕೋಣೆ, ಊಟಕ್ಕೆ ಖಾನಾವಳಿ. ಊರಿನಲ್ಲಿ ಬಹಳ ಜನಕ್ಕೆ ನಾನು ಗೊತ್ತಿದ್ದೆ. ಆದರೆ ಸಂಜೆ ಆರರ ನಂತರ ನನ್ನ ಬಾಗಿಲು ಬಡಿಯುವವರು ಯಾರೂ ಇರಲಿಲ್ಲ.

ಲಿಂಗಸುಗೂರಿನ ಬಸ್ಸಿಗಾಗಿ ಮಸ್ಕಿಯಲ್ಲಿ ಕಾಯುತ್ತಿದ್ದ ಒಂದು ಮಧ್ಯಾಹ್ನ ಆ ವೃದ್ಧರನ್ನು ಕಂಡೆ. ಶುಭ್ರ ಧೋತರ, ಹಣೆಗೆ ವಿಭೂತಿ. ಬಗ್ಗಿ ನೆಲದ ಟಿಕೆಟುಗಳನ್ನು ಒಂದೊಂದಾಗಿ ಎತ್ತಿ ನೋಡಿ, ಹೆಚ್ಚಿನವನ್ನು ಅಲ್ಲಿಯೇ ಬಿಡುತ್ತಿದ್ದರು. ಒಂದೆರಡನ್ನು ಮಾತ್ರ ಜೇಬಿಗೆ ಹಾಕಿಕೊಂಡರು. ಲಾಟರಿಯಿಂದ ಹಾಳಾದ ನಿವೃತ್ತರೊಬ್ಬರ ಮೇಲೆ ಒಂದು ಬರಹವಾಗಬಹುದು ಎಂದುಕೊಂಡೆ. ಮೊದಲ ಸಾಲು ತಲೆಯಲ್ಲಿ ಆಗಲೇ ಸಿದ್ಧವಾಗಿತ್ತು.

ಟಿಕೆಟು ಮಾರುವವನು ತನ್ನ ಹಲಗೆಯ ಹಿಂದಿನಿಂದ ಕೂಗಿದ: “ಮಾಸ್ತರ್ರ, ಡ್ರಾ ನಿನ್ನೇನ ಮುಗದೈತ್ರಿ. ಸತ್ತ ಟಿಕೇಟು ಆರಿಸಿ ಏನ್ ಮಾಡ್ತೀರಿ? ಜೀವ ಇದ್ದದ್ದು ನನ್ನ ಕಡೆ ಅದಾವು, ತಗೋರಿ!”

“ನಿನ್ನವು ನಾಳಿ ಸಾಯ್ತಾವಪಾ. ಇವು ಒಮ್ಮೆ ಸತ್ತಾವು, ಮತ್ತ ಸಾಯಂಗಿಲ್ಲ.”

ಪಕ್ಕದಲ್ಲಿ ಬಂದು ಕುಳಿತ ಮೇಲೆ ನನ್ನ ಕೈಚೀಲ, ಕಿಸೆಯ ಪೆನ್ನು ನೋಡಿ, “ಪೇಪರ್‌ನವರೇನ್ರಿ?” ಎಂದು ಕೇಳಿದರು. ಹೌದೆಂದೆ.

“ಹಂಗಾರ ನನ್ನ ಬಗ್ಗೆ ಬರೀಬ್ಯಾಡ್ರಿ. ನಾ ಹುಟ್ಟಿದಾಗಿಂದ ಒಂದು ಟಿಕೇಟೂ ಕೊಂಡಿಲ್ಲ. ಇವು ಒಡೀತಾವೇನು ಅಂತ ನೋಡಾಕತ್ತೀನಿ.”

ಬಸ್ಸಿನಲ್ಲಿ ಲಿಂಗಸುಗೂರು ಮುಟ್ಟುವುದರೊಳಗೆ ‘ಒಡೆಯುವುದು’ ಎಂದರೇನೆಂದು ತಿಳಿಯಿತು. ಒಂದು ಮತ್ತು ಆ ಸಂಖ್ಯೆಯೇ ಹೊರತು ಬೇರೆ ಯಾವುದರಿಂದಲೂ ಶೇಷವಿಲ್ಲದೆ ಭಾಗವಾಗದಿದ್ದರೆ ಅದು ಒಡೆಯದ ಸಂಖ್ಯೆ. ಶಾಲೆಯ ಪುಸ್ತಕದಲ್ಲಿ ಅದಕ್ಕೆ ಅವಿಭಾಜ್ಯ ಎಂಬ ಹೆಸರಿದೆ. ಲಾಟರಿ ಟಿಕೆಟಿನ ಮೇಲೆ ಆರು ಅಂಕಿ ಇರುತ್ತಿದ್ದವು. ಪುಕ್ಕಟೆ ಸಿಗುವ ದೊಡ್ಡ ಸಂಖ್ಯೆ ಮಾಸ್ತರರಿಗೆ ಬೇರೆಲ್ಲಿ ಸಿಗಬೇಕು?

ನಾನು ಬರಹ ಬರೆಯಲಿಲ್ಲ. ವಾರಕ್ಕೊಮ್ಮೆ ಆ ಬಸ್ಸಿನಲ್ಲಿ ಅವರ ಪಕ್ಕದ ಸೀಟು ನನ್ನದಾಯಿತು.

ಅವರು ಓದಿದ್ದು ನಿಜಾಮರ ಕಾಲದ ಉರ್ದು ಶಾಲೆಯಲ್ಲಿ, ಕಲಿಸಿದ್ದು ಕನ್ನಡ ಶಾಲೆಯಲ್ಲಿ. ಮಾತು ಕನ್ನಡ, ಮಗ್ಗಿ ಮಾತ್ರ ಉರ್ದು. ಕಿಟಕಿಯಾಚೆ ಜೋಳದ ಹೊಲಗಳು ಹಿಂದೆ ಸರಿಯುತ್ತಿದ್ದರೆ ಅವರ ತುಟಿಗಳು ‘ಸಾತ್ ಸತ್ತೇ ಉನ್ಚಾಸ್’ ಎಂದು ಏಳರ ಮಗ್ಗಿಗೆ ಅಲುಗುತ್ತಿದ್ದವು. ಆರು ಅಂಕಿಯ ಸಂಖ್ಯೆಯನ್ನು ನಡುವೆ ಮುರಿದು, ಮೂರು ಮೂರು ಅಂಕಿಯ ಎರಡು ಸಂಖ್ಯೆ ಮಾಡಿ, ದೊಡ್ಡದರಲ್ಲಿ ಸಣ್ಣದನ್ನು ಕಳೆಯುವುದನ್ನು ಕಲಿಸಿದರು. ಉಳಿದದ್ದು ಏಳು, ಹನ್ನೊಂದು, ಹದಿಮೂರರಲ್ಲಿ ಯಾವುದರಿಂದ ಹೋಗುತ್ತದೋ ಇಡೀ ಸಂಖ್ಯೆಯೂ ಅದರಿಂದ ಹೋಗುತ್ತದೆ. ಆ ಮೂರನ್ನು ಒಂದಕ್ಕೊಂದು ಗುಣಿಸಿದರೆ ಸಾವಿರದ ಒಂದು ಬರುವುದೇ ಅದರ ಗುಟ್ಟು. ಹೀಗೆ ಬಸ್ಸಿನಲ್ಲಿ ನಲವತ್ತೇಳರವರೆಗೆ ಬಾಯಲ್ಲೇ ಭಾಗಿಸಿ ನೋಡುತ್ತಿದ್ದರು. ಅಲ್ಲಿಯವರೆಗೂ ಒಡೆಯದ್ದನ್ನು ಮಾತ್ರ ಮನೆಗೆ ಒಯ್ಯುತ್ತಿದ್ದರು.

ಒಮ್ಮೆ ಲಿಂಗಸುಗೂರಿನ ಅವರ ಮನೆಗೆ ಹೋದೆ. ಮದುವೆಯಾಗದ ಮಾಸ್ತರರು ತೀರಿಹೋದ ಅಣ್ಣನ ಮನೆಯಲ್ಲಿ ಅತ್ತಿಗೆಯ ಜೊತೆ ಇದ್ದರು. ಪಡಸಾಲೆಯಲ್ಲಿ ಸಂಜೆ ನಾಲ್ಕೈದು ಹುಡುಗಿಯರಿಗೆ ಎಸ್ಸೆಸ್ಸೆಲ್ಸಿ ಗಣಿತ ಹೇಳಿಕೊಡುತ್ತಿದ್ದರು. ಅತ್ತಿಗೆ ಚಹಾ ತಂದಿಟ್ಟು ನನ್ನನ್ನು ಮೇಲಿನಿಂದ ಕೆಳಗೆ ನೋಡಿದರು.

“ನೀವೂ ಕಾಗದ ಆರಿಸಾವರೇನ್ರಿ?”

“ಇಲ್ರಿ ಅಮ್ಮ, ನಾವು ಕಾಗದ ತುಂಬಸಾವರು.”

“ಇಬ್ಬರೂ ಸರೀ ಜೋಡಿ ಸಿಕ್ಕೀರಿ ಬಿಡ್ರಿ,” ಎಂದು ಒಳಗೆ ಹೋದರು. ಅಲ್ಲಿಂದಲೇ ಮೈದುನನಿಗೆ ಕೇಳಿಸುವಂತೆ, “ನಿಮ್ಮಣ್ಣಂದೂ ಹಿಂಗ ಶುರು ಆಗಿತ್ತು ತಮ್ಮಾ,” ಎಂದರು.

ಮಾಸ್ತರರು ನನ್ನನ್ನು ಕಟ್ಟೆಗೆ ಕರೆದೊಯ್ದು ಅಣ್ಣನ ವಿಷಯ ಹೇಳಿದರು. ಅಣ್ಣನದು ಕಿರಾಣಿ ಅಂಗಡಿ. ಒಂದು ದಿನ ನಡುಮಧ್ಯಾಹ್ನ ಅಂಗಡಿ ಮುಚ್ಚಿ, ದೀಪ ಹಚ್ಚುವ ಹೊತ್ತಾಯಿತೆಂದು ಮನೆಗೆ ಬಂದರಂತೆ. ಯಾರೂ ಏನೂ ಅನ್ನಲಿಲ್ಲ. ಆಮೇಲೆ ಬೆಲ್ಲ ಕೇಳಿದವರಿಗೆ ಉಪ್ಪು ಕಟ್ಟಿಕೊಟ್ಟರು. ಗಿರಾಕಿಗಳು ಸುಮ್ಮನೆ ಒಯ್ದರು. ಕೊನೆಗೆ ಮನೆಯವರ ಗುರುತೂ ಹೋಯಿತು.

“ಅಣ್ಣಗ ಯಾರೂ ಹೇಳಲಿಲ್ಲ. ನಾನೂ ಹೇಳಲಿಲ್ಲ. ತನಗೇನಾಗಾಕತ್ತೈತಿ ಅನ್ನೂದು ಅವಗೊಬ್ಬಗ ಗೊತ್ತಾಗಲಿಲ್ಲ.” ಆಮೇಲೆ ತಮ್ಮ ವಿಷಯಕ್ಕೆ ಬಂದರು. “ಹೋದ ವಾರ ಬೋರ್ಡಿನ ಮ್ಯಾಲ ಒಂದು ಲೆಕ್ಕ ತಪ್ಪಿಸಿದೆ. ಹುಡುಗಿ ತೋರಿಸಿದಳು. ನಕ್ಕು ತಿದ್ದಿದೆ. ಖರೇ ಹೇಳ್ತೀನ್ರಿ, ನಗು ಬಂದಿರಲಿಲ್ಲ.”

ಟಿಕೆಟು ಆರಿಸುವುದರ ಹಿಂದೆ ಇದ್ದದ್ದು ಈ ಅಂಜಿಕೆ. ಸಂಖ್ಯೆಗಳನ್ನು ಒಡೆದು ನೋಡುತ್ತ ಅವರು ತಮ್ಮ ತಲೆ ನೆಟ್ಟಗಿದೆಯೋ ಇಲ್ಲವೋ ಎಂದು ನೋಡಿಕೊಳ್ಳುತ್ತಿದ್ದರು. ಆದರೆ ತಕ್ಕಡಿ ತನ್ನನ್ನು ತಾನು ತೂಗಲಾರದು. ಬೇರೆಯವರು ನೋಡಬೇಕು.

“ಒಂದು ದೊಡ್ಡದು ಹಿಡೀತೀನಿ. ಪೂರಾ ಭಾಗಿಸಿ, ಒಡೀತೈತೋ ಇಲ್ಲೋ ಹೇಳ್ತೀನಿ. ನೀವು ತಪಾಸ ಮಾಡ್ರಿ. ನಂದು ಗಲತ್ ಬಂದರ ಹುಡುಗ್ಯಾರಿಗೆ ನಾಳಿಂದ ಬರಬ್ಯಾಡ್ರಿ ಅಂತೀನಿ. ತಪ್ಪು ಕಲಿಸೂದಕ್ಕಿಂತ ಬಾಗಲಾ ಹಾಕೂದು ಚೊಲೊ.”

“ನಾನ ಯಾಕ್ರಿ? ನಿಮ್ಮ ಹಳೇ ಮಾಸ್ತರ ಮಂದಿ ಅದಾರಲ್ಲ?”

“ಅವರು ಮಾಯಾ ಮಮತಾ ಮಾಡಿ ಸುಳ್ಳು ಹೇಳ್ತಾರ. ನೀವು ಪೇಪರ್‌ನವರು. ನಿಮಗ ನನ್ನ ಮ್ಯಾಲ ಅಂಥಾ ಮಾಯಾ ಏನಿಲ್ಲ.”

ಆಗಲಿ ಎಂದೆ. ಅವರ ಕೊನೆಯ ಮಾತು ಅಷ್ಟು ನಿಜವಾಗಿರಲಿಲ್ಲ. ಅದನ್ನು ಹೇಳುವ ರೂಢಿ ನನಗಿರಲಿಲ್ಲ.

ಮುಂದಿನ ವಾರ ಮಸ್ಕಿಯ ಬೆಂಚಿನ ಸಂದಿಯಲ್ಲಿ ಮಡಿಸಿಟ್ಟ ಒಂದು ಹಸಿರು ಟಿಕೆಟು ಸಿಕ್ಕಿತು: 224377. ಬಸ್ಸಿನಲ್ಲಿ ಇಬ್ಬರೂ ಕೂಡಿಯೇ ನೋಡಿದೆವು. ಮುನ್ನೂರ ಎಪ್ಪತ್ತೇಳರಲ್ಲಿ ಇನ್ನೂರ ಇಪ್ಪತ್ನಾಲ್ಕು ಕಳೆದರೆ ನೂರಾ ಐವತ್ಮೂರು. ಅದು ಏಳಕ್ಕೂ ಹೋಗುವುದಿಲ್ಲ, ಹನ್ನೊಂದಕ್ಕೂ ಇಲ್ಲ, ಹದಿಮೂರಕ್ಕೂ ಇಲ್ಲ. ನಲವತ್ತೇಳರವರೆಗೂ ಜಗ್ಗಲಿಲ್ಲ. “ಇದು ಗಟ್ಟಿ ಐತಿ,” ಎಂದು ಮಾಸ್ತರರು ಜೇಬಿಗೆ ಹಾಕಿಕೊಂಡರು.

ಆರು ಅಂಕಿಯ ಸಂಖ್ಯೆ ಒಡೆಯುವುದಿಲ್ಲವೆಂದು ಹೇಳಲು ಅದರ ಕೆಳಗಿನ ಎಲ್ಲ ಸಂಖ್ಯೆಗಳಿಂದ ಭಾಗಿಸಬೇಕಿಲ್ಲ. ಒಡೆದರೆ ಎರಡು ತುಂಡಾಗುತ್ತದೆ. ಅವುಗಳಲ್ಲಿ ಸಣ್ಣ ತುಂಡು ವರ್ಗಮೂಲವನ್ನು ದಾಟುವುದಿಲ್ಲ. ಈ ಸಂಖ್ಯೆಗೆ ಆ ಗಡಿ ನಾನೂರ ಎಪ್ಪತ್ಮೂರು. ಅದರೊಳಗಿನ ಅವಿಭಾಜ್ಯಗಳಿಂದಷ್ಟೇ ಭಾಗಿಸಿದರೆ ಸಾಕು. ಅವು ತೊಂಬತ್ತೊಂದಿವೆ, ಕೊನೆಯದು 467.

ಹದಿನೈದು ದಿನವಾದ ಮೇಲೆ ಮಾಸ್ತರರು ಟಿಕೆಟನ್ನು ನನ್ನ ಕೈಗಿಟ್ಟರು. “ಮುಗಿಸೀನಿ. ಒಡೆಯಂಗಿಲ್ಲ. ಇನ್ನ ನಿಮ್ಮ ಪಾಳಿ.”

ಸಿಂಧನೂರಿನ ಕೋಣೆಯಲ್ಲಿ ಅದೇ ಸಂಜೆ ಕುಳಿತೆ. ನಲವತ್ತೇಳರವರೆಗಿನದನ್ನು ಮತ್ತೆ ನೋಡಿದೆ. ಐವತ್ಮೂರಕ್ಕೆ ಹೋಗಲಿಲ್ಲ. ಐವತ್ತೊಂಬತ್ತು ಹಾಕಿದಾಗ ಕೆಳಗೆ ಏನೂ ಉಳಿಯಲಿಲ್ಲ. ಇನ್ನೊಮ್ಮೆ ಮಾಡಿದೆ. ಆಗಲೂ ಸೊನ್ನೆ. ಕೆಳಗಿಳಿದು ಗೊಬ್ಬರದಂಗಡಿಯವರ ಕ್ಯಾಲ್ಕ್ಯುಲೇಟರ್ ಕೇಳಿದೆ.

“ಏನ್ರಿ ಸರ, ಪೇಪರ್‌ನವರೂ ಯೂರಿಯಾ ಹಾಕಾಕ ಹತ್ತೀರೇನು?”

“ಒಂದ ನಿಮಿಷ ಕೊಡ್ರಿ.”

ಗಾಜಿನ ಪಟ್ಟಿಯಲ್ಲಿ 3803 ಎಂದು ಬಂತು. ಚುಕ್ಕೆಯ ಮುಂದೆ ಏನೂ ಇಲ್ಲ. ಐವತ್ತೊಂಬತ್ತು ಗುಣಿಸು ಮೂರು ಸಾವಿರದ ಎಂಟುನೂರ ಮೂರು. ಎಲ್ಲೋ ದೂರದ ಕೊನೆಯಲ್ಲಿ ಜಾರಿದ್ದರೆ ಮಾತು ಬೇರೆ. ಮಾಸ್ತರರು ಮನೆಗೆ ಹೋಗಿ ಮಾಡಿದ ಎರಡನೆಯ ಭಾಗಾಕಾರದಲ್ಲೇ ತಪ್ಪಿದ್ದರು.

ಆ ವಾರ ಖಾನಾವಳಿಯಲ್ಲಿ ಏನು ಉಂಡೆನೋ ನೆನಪಿಲ್ಲ. ಹೇಳಬೇಕಾದವನು ನಾನೊಬ್ಬನೇ. ಸಲಹೆ ಕೇಳಲು ಬೇರೆ ಯಾರಿಗೂ ಈ ವಿಷಯ ಗೊತ್ತಿರಲಿಲ್ಲ.

ತಾಲ್ಲೂಕು ಕಚೇರಿಯ ಸಭೆಗೆಂದು ಲಿಂಗಸುಗೂರಿಗೆ ಹೋದವನು ಅವರ ಮನೆಗೂ ಹೋದೆ. ಮಾಸ್ತರರು ಕ್ಷೌರಕ್ಕೆ ಹೋಗಿದ್ದರು. ಪಡಸಾಲೆಯ ಗೂಟಕ್ಕೆ ಪಾಟಿ ತೂಗುಬಿದ್ದಿತ್ತು. ಅವರು ಬಳಪದಲ್ಲಿ ಲೆಕ್ಕ ಮಾಡುತ್ತಿದ್ದ ಕಲ್ಲಿನ ಪಾಟಿ ಅದು. ಮೇಲ್ಗಡೆ ಸಂಖ್ಯೆ, ಕೆಳಗೆ ಕೊನೆಯ ಭಾಗಾಕಾರ.

“ಪೇಪರ್‌ನವರು ಹೇಳೋತನಕ ಯಾರೂ ಒರಸಂಗಿಲ್ಲ ಅಂದಾನ,” ಎಂದರು ಅತ್ತಿಗೆ. “ಏನಾತ್ರಿ? ಸರಿ ಐತೋ ಇಲ್ಲೋ? ನನಗರ ಹೇಳ್ರಿ.”

“ಇನ್ನೂ ಮುಗದಿಲ್ರಿ ಅಮ್ಮ.”

ಅದು ಸುಳ್ಳಾಗಿರಲಿಲ್ಲ. ಆ ಕ್ಷಣದಲ್ಲಿ ನಾನು ಪಾಟಿಯ ಮೇಲಿನ ಸಂಖ್ಯೆಯನ್ನು ಓದುತ್ತಿದ್ದೆ. ಅದು 224377 ಆಗಿರಲಿಲ್ಲ. 224737 ಎಂದಿತ್ತು.

ಮಾಸ್ತರರು ಏನು ನಕಲು ಮಾಡಿದರೂ ಅಂಕಿಗಳನ್ನು ಕೂಡಿಸಿ, ಅದರಲ್ಲಿ ಆದಷ್ಟು ಸಲ ಒಂಬತ್ತು ತೆಗೆದು, ಉಳಿದದ್ದನ್ನು ತಾಳೆ ನೋಡುತ್ತಿದ್ದರು. ಲಿಂಗಸುಗೂರಿನ ಹಳೆಯ ಅಂಗಡಿಕಾರರ ರೂಢಿ ಅದು, ಅಣ್ಣನಿಂದ ಬಂದದ್ದು. ಟಿಕೆಟಿನ ಅಂಕಿಗಳ ಮೊತ್ತ ಇಪ್ಪತ್ತೈದು, ಪಾಟಿಯದ್ದೂ ಇಪ್ಪತ್ತೈದು. ಎರಡರಲ್ಲೂ ಉಳಿಯುವುದು ಏಳೇ. ಚುನಾವಣೆಯ ಮತಗಳನ್ನು ಟ್ರಂಕ್ ಕಾಲಿನಲ್ಲಿ ಓದಿ ಹೇಳುವಾಗ ನಮ್ಮ ಡೆಸ್ಕಿನಲ್ಲೂ ಮೊತ್ತ ಹಾಕಿ ನೋಡುವವರಿದ್ದರು. ಹಿರಿಯ ಉಪಸಂಪಾದಕರೊಬ್ಬರು ಮಾತ್ರ ಅದನ್ನು ನಂಬುತ್ತಿರಲಿಲ್ಲ. ಅಂಕಿ ಜಾಗ ಬದಲಿಸಿದರೆ ಮೊತ್ತ ಬದಲಾಗುವುದಿಲ್ಲ, ಒಂದೊಂದೇ ಓದು ಎನ್ನುತ್ತಿದ್ದರು. ಪಾಟಿಯ ಮುಂದೆ ನಿಂತು ನಾನು ಮಾಡಿದ್ದು ಅಷ್ಟೇ.

ಮಾಸ್ತರರು ಬರುವ ಮೊದಲೇ ಹೊರಟೆ. ಅರ್ಧ ಸುದ್ದಿ ಕೈಯಲ್ಲಿತ್ತು. ನಕಲು ತಪ್ಪಿದೆ, ಅದು ಖಚಿತ. ಆದರೆ ಅವರು ನಿಜವಾಗಿ ಭಾಗಿಸಿದ 224737 ಒಡೆಯುತ್ತದೋ ಇಲ್ಲವೋ? ಅದೂ ಒಡೆದರೆ ನಕಲಿನ ಜೊತೆ ಲೆಕ್ಕವೂ ತಪ್ಪಿದಂತೆ. ಒಡೆಯದಿದ್ದರೆ ತಲೆಯಲ್ಲಿ ಲೆಕ್ಕದ ಜಾಗವಾದರೂ ಗಟ್ಟಿಯಿದೆ ಎಂದು ಹೇಳಬಹುದು. ಅದು ತಿಳಿಯದೆ ಅವರ ಮುಂದೆ ಕೂರುವಂತಿರಲಿಲ್ಲ.

ಕ್ಯಾಲ್ಕ್ಯುಲೇಟರ್ ಮತ್ತೆ ಕೇಳಬಹುದಿತ್ತು. ಕೇಳಲಿಲ್ಲ. ಮಾಸ್ತರರು ಕೈಯಲ್ಲಿ ಮಾಡಿದ್ದನ್ನು ಕೈಯಲ್ಲೇ ನೋಡುವುದು ಸರಿಯೆನಿಸಿತು. ಸಂಜೆಗಳಂತೂ ನನ್ನ ಹತ್ತಿರ ಬೇಕಾದಷ್ಟಿದ್ದವು. ಸುದ್ದಿಯ ಲಕೋಟೆ ಬಸ್ಸಿಗೆ ಕೊಟ್ಟು ಬಂದು, ಕಿಟಕಿಯ ಹತ್ತಿರ ಕುಳಿತು, ಪತ್ರಿಕೆಯವರು ಕಳಿಸುತ್ತಿದ್ದ ನ್ಯೂಸ್‌ಪ್ರಿಂಟಿನ ಹಾಳೆಗಳ ಮೇಲೆ ಭಾಗಿಸುತ್ತಿದ್ದೆ. ಕೆಳಗೆ ಅಂಗಡಿಯವರು ಬಾಗಿಲೆಳೆಯುವ ಸದ್ದಾಗುತ್ತಿತ್ತು. ಜವಳಗೇರಾ ಕಡೆಯಿಂದ ಭತ್ತದ ಚೀಲ ತುಂಬಿದ ಟ್ರ್ಯಾಕ್ಟರುಗಳು ಹಾದುಹೋಗುತ್ತಿದ್ದವು. ಐವತ್ತೊಂಬತ್ತಕ್ಕೆ ಆರು ಉಳಿಯಿತು. ನೂರು ದಾಟಿತು, ಇನ್ನೂರು ದಾಟಿತು. ಪ್ರತಿ ಭಾಗಾಕಾರದ ಕೊನೆಯಲ್ಲೂ ಸೊನ್ನೆ ಬರದಿರಲಿ ಎಂದು ಬಯಸುತ್ತಿದ್ದೆ. ವರದಿಗಾರ ಬಯಸಬಾರದು, ನೋಡಬೇಕು. ಆದರೂ ಬಯಸಿದೆ. 467ರ ಕೆಳಗೂ ಶೇಷ ಉಳಿದಾಗ ಎದ್ದು ಕೋಣೆಯಲ್ಲಿ ಎರಡು ಸುತ್ತು ತಿರುಗಿ ಮತ್ತೆ ಕುಳಿತೆ. 224737 ಒಡೆಯುವುದಿಲ್ಲ.

ಮಸ್ಕಿಯ ಅದೇ ಕಲ್ಲುಬೆಂಚಿನ ಮೇಲೆ ಹೇಳಿದೆ.

“ಟಿಕೇಟಿನ ನಂಬರ್ ಐವತ್ತೊಂಬತ್ತಕ್ಕ ಹೋಗ್ತದ ಮಾಸ್ತರ್ರ.”

ಅವರು ಕೈಯಲ್ಲಿದ್ದ ಕೊಡೆಯನ್ನು ಬೆಂಚಿಗೆ ಒರಗಿಸಿದರು. ಅದು ಜಾರಿ ಬಿತ್ತು. ಎತ್ತಿ ಮತ್ತೆ ಒರಗಿಸಿದರು.

“ಐವತ್ತೊಂಬತ್ತು ನಾ ಹಾಕೀನ್ರಿ,” ಎಂದರು ನಿಧಾನವಾಗಿ. “ಆರು ಉಳಿದಿತ್ತು.”

ತಿಂಗಳ ಹಿಂದೆ ಮಾಡಿ ಒರೆಸಿದ ಒಂದು ಭಾಗಾಕಾರದ ಶೇಷ ಅದು. ನನ್ನ ಹಾಳೆಯಲ್ಲೂ ಆರೇ ಇತ್ತು. ಟಿಕೆಟನ್ನು ಅವರ ಕೈಗೆ ಕೊಟ್ಟು, ಪಾಟಿಯ ಸಂಖ್ಯೆಯನ್ನು ಚೀಟಿಯಲ್ಲಿ ಬರೆದು ಪಕ್ಕದಲ್ಲಿ ಹಿಡಿದೆ. ಎರಡನ್ನೂ ಕಣ್ಣಿಗೆ ಹತ್ತಿರ ತಂದು, ದೂರ ಒಯ್ದು ನೋಡಿದರು.

“ಮುನ್ನೂರ ಎಪ್ಪತ್ತೇಳು... ಏಳುನೂರ ಮೂವತ್ತೇಳು. ಒಂಬತ್ತು ತೆಗೆದು ನೋಡಿದ್ದೆನಲ್ರಿ!” ತುಟಿಗಳು ಅಲುಗಿದವು. “ವ್ಯತ್ಯಾಸ ಮುನ್ನೂರ ಅರವತ್ತು. ಒಂಬತ್ತು ನಲವತ್ಲೆ.” ಇದ್ದಕ್ಕಿದ್ದಂತೆ ನಕ್ಕರು. “ಅಂಕಿ ಜಾಗಾ ಬದಲಿ ಮಾಡಿದ್ರ ವ್ಯತ್ಯಾಸ ಯಾವಾಗಲೂ ಒಂಬತ್ತಕ್ಕ ಹೋಗ್ತೈತಿ. ಹೋಗಲಿಕ್ಕೇ ಬೇಕು. ಒಂಬತ್ತಿನ ಕೈಯಾಗ ಕಾವಲು ಕೊಟ್ಟೀನಿ, ಅದು ಆ ಕಳ್ಳಗ ಸ್ವಂತ ಸೋದರಮಾವ!”

ಟಿಕೆಟು ಮಾರುವವನು ತಿರುಗಿ ನೋಡಿದ. “ಏನ್ ಮಾಸ್ತರ್ರ, ಬಂಪರ್ ಹೊಡೀತೇನು?”

“ಹೂಂ ಲೇ, ಭಾಳ ದೊಡ್ಡದು.”

ನಗು ಇಳಿದ ಮೇಲೆ ನನ್ನ ಕಡೆ ತಿರುಗಿದರು. “ಪಾಟಿ ಮ್ಯಾಲಿಂದು?”

“ಪೂರಾ ನೋಡೀನ್ರಿ. ಒಡೆಯಂಗಿಲ್ಲ. ನಿಮ್ಮ ಲೆಕ್ಕ ಬರೋಬ್ಬರಿ ಐತಿ. ನಕಲು ತಪ್ಪೈತಿ.”

“ಹಂಗಾರ ಇದು ಕಣ್ಣಿಂದೋ, ತಲಿದೋ?”

ಕಣ್ಣಿನದೇ ಎನ್ನಬಹುದಿತ್ತು. ಬಸ್ಸು ಬರುವ ಹೊತ್ತಾಗಿತ್ತು, ಮಾತು ಅಲ್ಲಿಗೆ ಮುಗಿಯುತ್ತಿತ್ತು.

“ಅದು ನನಗ ಗೊತ್ತಿಲ್ರಿ. ನೋಡಿದ್ದಷ್ಟ ಹೇಳಬಲ್ಲೆ.”

ಅವರು ತಲೆಯಾಡಿಸಿದರು. “ಅಷ್ಟ ಸಾಕು. ಅಣ್ಣಗ ಅಷ್ಟೂ ಯಾರೂ ಹೇಳಲಿಲ್ಲ.” ಬಸ್ ಬಂದು ನಿಂತಿತು. ಹತ್ತುವಾಗ ಕೇಳಿದರು, “ಟಿಕೇಟಿನ ಇನ್ನೊಂದು ತುಂಡು ಎಷ್ಟು ಬಂತು?”

“ಮೂರು ಸಾವಿರದ ಎಂಟುನೂರ ಮೂರು.”

“ಅದು ಒಡೀತೈತೇನು?”

“ನೋಡಿಲ್ರಿ.”

“ನೋಡ್ರಿ ಮತ್ತ.”

ನಂತರದ ವಾರಗಳಲ್ಲಿ ಅವರು ಮಸ್ಕಿಗೆ ಬರಲಿಲ್ಲ. ಪಕ್ಕದ ಸೀಟಿನಲ್ಲಿ ಸಂತೆಕಲ್ಲೂರಿನವರು, ಮುದಗಲ್ಲಿನವರು, ಕೋಳಿಬುಟ್ಟಿ ಹಿಡಿದವರು ಯಾರಾದರೂ ಕೂರುತ್ತಿದ್ದರು. ತಡೆಯಲಾರದೆ ಒಂದು ಸಂಜೆ ಲಿಂಗಸುಗೂರಿನ ಮನೆಗೆ ಹೋದೆ.

ಬಾಗಿಲು ಹಾಕಿರಲಿಲ್ಲ. ಪಡಸಾಲೆಯಲ್ಲಿ ಹುಡುಗಿಯರು ಸುತ್ತ ಕುಳಿತಿದ್ದರು. ಮಾಸ್ತರರು ಕಂಬಕ್ಕೆ ಒರಗಿ ಕಣ್ಣು ಮುಚ್ಚಿದ್ದರು. ಪಾಟಿ ಈಗ ಅವರ ಕೈಯಲ್ಲಿರಲಿಲ್ಲ. ಒಬ್ಬ ಹುಡುಗಿ ಅದನ್ನು ತೊಡೆಯ ಮೇಲಿಟ್ಟುಕೊಂಡು ಅಂಕಿಗಳನ್ನು ಒಂದೊಂದಾಗಿ ಓದುತ್ತಿದ್ದಳು. ಇನ್ನೊಬ್ಬಳು ಪುಸ್ತಕ ನೋಡಿ ಹೌದು, ಹೌದು ಎನ್ನುತ್ತಿದ್ದಳು. ಮಾಸ್ತರರು ಬಾಯಲ್ಲಿ ಲೆಕ್ಕ ಹೇಳುತ್ತಿದ್ದರು.

“ಬರೆಯೂದು ಬಿಟ್ಟೀನ್ರಿ,” ಎಂದರು ನನ್ನ ದನಿ ಕೇಳಿ. “ಬರೆಯೂದು ಇವರದು, ಲೆಕ್ಕ ನಂದು. ನಾ ಏನರ ಎಡವಿದ್ರ ಮುಖಾ ನೋಡದ ಹೇಳಬೇಕು ಅಂದೀನಿ.”

“ಹೇಳ್ತೀವ್ರಿ,” ಎಂದಳು ಪಾಟಿ ಹಿಡಿದವಳು. “ನಿನ್ನೆ ಒಮ್ಮೆ ಹೇಳೀವಿ.”

“ಹೇಳ್ಯಾರ. ಮೂರ ಮಂದಿ ಕೂಡೇ ಒದರ್ಯಾರ.”

ಅತ್ತಿಗೆ ಚಹಾ ತಂದರು. ಮುಖ ಹಗುರಾಗಿತ್ತು. “ಮಸ್ಕಿ ಹಾದಿ ಬಿಟ್ಟಾನ ನೋಡ್ರಿ. ನಂಬರ ಬೇಕಂದ್ರ ಈ ಹುಡುಗ್ಯಾರ ತರ್ತಾರ. ಕರೆಂಟ್ ಮೀಟರಿಂದು, ಗಡಿಯಾರದ ಹಿಂದಿಂದು. ಊರಾಗಿನ ನಂಬರೆಲ್ಲಾ ನಮ್ಮನ್ಯಾಗ ಅದಾವು.”

ತಪಾಸಣೆ ಮಾಡುವವರು ಅಲ್ಲಿ ಈಗ ನಾಲ್ಕೈದು ಜನರಿದ್ದರು, ದಿನವೂ ಇರುತ್ತಿದ್ದರು. ನಾನು ಚಹಾ ಕುಡಿದು ಲೋಟ ಕೆಳಗಿಟ್ಟೆ. ಮಾಸ್ತರರು ಮತ್ತೆ ಕಣ್ಣು ಮುಚ್ಚಿದ್ದರು. ಹುಡುಗಿ ಮುಂದಿನ ಅಂಕಿ ಓದುತ್ತಿದ್ದಳು. ಹೋಗಿಬರುತ್ತೇನೆ ಎಂದದ್ದು ಅತ್ತಿಗೆಗೆ ಮಾತ್ರ ಕೇಳಿಸಿತು.

ಸಿಂಧನೂರಿನ ಬಸ್ಸು ಅರ್ಧ ಖಾಲಿಯಿತ್ತು. ಕಿಟಕಿಯ ಪಕ್ಕ ಕುಳಿತು 3803 ಹಿಡಿದೆ. ಗಡಿ ಸಣ್ಣದು, ಅರವತ್ತೊಂದರವರೆಗೆ ನೋಡಿದರೆ ಸಾಕು. ಬಾಯಲ್ಲೇ ಮಾಡಿದೆ. ಸಂತೆಕಲ್ಲೂರು ದಾಟುವಾಗ ಹದಿನೇಳಕ್ಕೆ ಹನ್ನೆರಡು ಉಳಿಯಿತು. ಮಸ್ಕಿಯಲ್ಲಿ ಬಸ್ಸು ನಿಂತಾಗ ನಲವತ್ಮೂರಕ್ಕೆ ಹತ್ತೊಂಬತ್ತು. ಟಿಕೆಟು ಮಾರುವವನು ಹಲಗೆ ಮಡಿಸುತ್ತಿದ್ದ. ಕಲ್ಲುಬೆಂಚಿನ ಮೇಲೆ ಯಾರೋ ಚೀಲ ತಲೆದಿಂಬು ಮಾಡಿಕೊಂಡು ಮಲಗಿದ್ದರು. ಬಸ್ಸು ಹೊರಟಿತು. ಐವತ್ತೊಂಬತ್ತಕ್ಕೆ ಇಪ್ಪತ್ತೇಳು. ಅರವತ್ತೊಂದಕ್ಕೆ ಇಪ್ಪತ್ತೊಂದು.

3803 ಒಡೆಯುವುದಿಲ್ಲ. ಅದನ್ನು ಹೇಳಲು ಪಕ್ಕಕ್ಕೆ ತಿರುಗಿದೆ. ಸೀಟಿನ ಮೇಲೆ ನನ್ನ ಕೈಚೀಲವಿತ್ತು.